ನೀಲಿ ಹಳದಿಯಾಗುವ ತನಕ

ಭಾನುವಾರ, ಮಧ್ಯಾಹ್ನ

ಮುದ್ದಿನ ಸೊಸೆಗೆ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅಕ್ವೇರಿಯಂನ ಹವಳಗಳು ಹೇಗಿವೆ ಎಂದು ಕೇಳಿದ ಕೂಡಲೇ ನನ್ನ ಬಾಯಿ ತಾನಾಗಿ ಚೆನ್ನಾಗಿವೆ ಎಂದುಬಿಡುತ್ತದೆ. ಐದು ವಾರದಿಂದ ಹಾಗೇ ಅಂದಿದೆ. ಅದಕ್ಕೇ ಈ ಕಾಗದ. ಗಾಬರಿಯಾಗಬೇಡ, ಎಲ್ಲವೂ ಬದುಕಿವೆ. ನಿನ್ನ ಗಂಡನೂ.

ತರಬೇತಿಗೆ ಹೊರಡುವ ಮುಂಚೆ ನನ್ನನ್ನು ಅಕ್ವೇರಿಯಂ ಎದುರು ಕೂರಿಸಿ ಪಾಠ ಹೇಳಿದೆಯಲ್ಲ. ಹವಳ ಮೈ ಕಟ್ಟಿಕೊಳ್ಳಲು ನೀರಿನಿಂದ ಕ್ಯಾಲ್ಸಿಯಂ, ಆಲ್ಕಲಿನಿಟಿ ಎಂಬ ಕ್ಷಾರದ ಅಂಶ ಎರಡನ್ನೂ ಹೀರುತ್ತದೆ, ಎರಡೂ ಹದವಾಗಿರಬೇಕು, ಒಂದನ್ನು ಅತಿಯಾಗಿ ಸುರಿದರೆ ಇನ್ನೊಂದು ಸುಣ್ಣವಾಗಿ ಹೆಪ್ಪುಗಟ್ಟುತ್ತದೆ ಎಂದೆ. ನಾನು ಎಲ್ಲ ತಿಳಿದವಳಂತೆ ತಲೆಯಾಡಿಸಿದೆ. ದಿನಾ ಬೆಳಿಗ್ಗೆ ಗಾಜಿನ ನಳಿಗೆಯಲ್ಲಿ ನೀರು ಹಿಡಿದು, ಪರೀಕ್ಷೆಯ ಹನಿ ಬಿಡುತ್ತಾ, ನೀಲಿ ಹಳದಿಯಾಗುವ ತನಕ ಎಣಿಸಿದೆ. ಆಲ್ಕಲಿನಿಟಿಗೆ ಎಂಟು ಹನಿ ಬರಬೇಕು ಎಂದು ನೀನು ಹೇಳಿದ್ದೆ. ನನಗೆ ಐದೇ ಬರುತ್ತಿತ್ತು. ಪಾಪ, ಹವಳಗಳಿಗೆ ಸಾಲುತ್ತಿಲ್ಲ ಎಂದುಕೊಂಡು ನೀನಿಟ್ಟುಹೋದ ಆಲ್ಕಲಿನಿಟಿ ಬಾಟಲಿಯಿಂದ ದಿನಕ್ಕಿಷ್ಟು ಹೆಚ್ಚಿಗೆ ಸುರಿದೆ.

ಮೂರನೇ ವಾರಕ್ಕೆ ಪಂಪಿನ ಮೇಲೆಲ್ಲ ಬಿಳಿ ಪದರ. ಹೆಬ್ಬೆರಳಿನಷ್ಟಿದ್ದಾಗಿನಿಂದ ನೀನು ಸಾಕಿದ ಆ ನೇರಳೆ ಕೊಂಬಿನ ಹವಳದ ತುದಿಗಳು ಬಿಳಿಚಿಕೊಂಡವು. ಗಾಬರಿಯಿಂದ ನಿನ್ನ ಗಂಡನನ್ನು ಕರೆದು ತೋರಿಸಿದೆ. ಅವನು ಮಾತ್ರ, "ಅಂಗಡೀಲಿ ಅಂಥದ್ದೇ ಸಿಗುತ್ತಮ್ಮ, ತಂದಿಟ್ರೆ ಅವಳಿಗೆ ಗೊತ್ತೇ ಆಗಲ್ಲ" ಅಂದ. ಆರು ವರ್ಷ ನಿನ್ನ ಜೊತೆ ಸಂಸಾರ ಮಾಡಿದವನ ಮಾತು ನೋಡು!

ಆ ಶುಕ್ರವಾರ ಸಾಕುಮೀನಿನ ಅಂಗಡಿಯವರು ಮನೆಗೆ ಬಂದರು. ಪರೀಕ್ಷೆ ಹೇಗೆ ಮಾಡುತ್ತೀರಿ ತೋರಿಸಿ ಎಂದರು. ಎಂಟನೇ ಹನಿಗೆ ನಿಲ್ಲಿಸಿ, ಅಂತೂ ಎಂಟು ಬಂತು ಎಂದು ಹೆಮ್ಮೆಯಿಂದ ನೋಡಿದೆ. ಅವರು ಯಾಕೆ ನಿಲ್ಲಿಸಿದಿರಿ ಎಂದರು. ಬಣ್ಣ ತಿರುಗಿತಲ್ಲ ಎಂದೆ. ಅವರು ನಳಿಗೆಯನ್ನು ಕಿಟಕಿಗೆ ಹಿಡಿದರು, ಕನ್ನಡಕ ತೆಗೆದು ಒರೆಸಿದರು, ಆದರೂ ಏನೂ ಕಾಣಲಿಲ್ಲವಂತೆ. ತಾವೇ ಹನಿ ಬಿಡುತ್ತಾ ಹೋದರು. ಹಳದಿಯಾದದ್ದು ಹನ್ನೆರಡನೇ ಹನಿಗೆ.

ನಲವತ್ತು ವರ್ಷ ಬಟ್ಟೆಗೆ ದಾರ ಹೊಂದಿಸಿದ ಕಣ್ಣು ನನ್ನದು. ನೀಲಿಗೆ ಒಂದೆಳೆ ಹಸಿರು ಸೇರಿದ ಕ್ಷಣವೇ ಇದು ಬೇರೆ ಬಣ್ಣ ಎಂದುಬಿಡುತ್ತದೆ. ಪೂರ್ತಿ ಹಳದಿಯಾಗಲಿ ಎಂದು ಕಾಯುವ ವ್ಯವಧಾನ ಅದಕ್ಕಿಲ್ಲ. ಮೊದಲ ದಿನ ನಾನು ಐದಕ್ಕೇ ನಿಲ್ಲಿಸಿದಾಗಲೂ ನಿನ್ನ ನೀರು ಸರಿಯಾಗಿಯೇ ಇತ್ತು, ಕೆಡಿಸಿದ್ದು ನಾನು.

ಅವರು ಹೇಳಿದಂತೆ ಆಲ್ಕಲಿನಿಟಿ ಬಾಟಲಿಯನ್ನು ಕೆಲವು ದಿನ ಮುಟ್ಟಲಿಲ್ಲ. ವಾರಕ್ಕೆರಡು ಸಲ ಸ್ವಲ್ಪ ಸ್ವಲ್ಪ ನೀರು ಬದಲಿಸಿದೆ, ಕುಸಿದಿದ್ದ ಕ್ಯಾಲ್ಸಿಯಮ್ಮನ್ನು ನಿಧಾನವಾಗಿ ಮೇಲೆತ್ತಿದೆ. ಈಗ ಎರಡೂ ನೀನು ಬರೆದಿಟ್ಟ ಅಂಕಿಯಲ್ಲೇ ಇವೆ. ನೇರಳೆ ಹವಳದ ಎರಡು ಕೊಂಬು ಮಾತ್ರ ಉಳಿಯಲಿಲ್ಲ. ಅದು ನನ್ನ ತಪ್ಪು, ಕ್ಷಮಿಸು. ಉಳಿದವಕ್ಕೆ ಹೊಸ ತುದಿ ಬಂದಿದೆ. ಬೆಳಿಗ್ಗೆ ದೀಪ ಹಾಕಿದ ಕೂಡಲೇ ಪಟ್ಟೆ ಮೀನು ಗಾಜಿಗೆ ಮೂಗು ಹಚ್ಚಿ ನನ್ನ ಜೊತೆ ಆಚೆಗೂ ಈಚೆಗೂ ಓಡಾಡುತ್ತದೆ. ಇಷ್ಟು ಗಮನ ಕೊಟ್ಟು ನನ್ನನ್ನು ನೋಡುವವರು ಈ ಮನೆಯಲ್ಲಿ ಇನ್ಯಾರಿದ್ದಾರೆ ಹೇಳು? ತುಂಬಾ ಖುಷಿಯಾಗಿದ್ದೇನೆ ಕಣೇ.

ಇಂತಿ,
ಕಾಯುವುದನ್ನು ಈಗ ಕಲಿತ ನಿನ್ನ ಅತ್ತೆ

ತಾ.ಕ.: ಮರೆತಿದ್ದೆ ಎಂದು ಸುಳ್ಳು ಬರೆಯಲಾರೆ, ಬೇಕೆಂದೇ ಬಿಟ್ಟಿದ್ದೆ. ಅಂಗಡಿಯವರು ಅಂದು ನೀರು ನೋಡಲು ಬಂದವರಲ್ಲ. ಎಲ್ಲವನ್ನೂ ಸಾಗಿಸಿಕೊಂಡು ಹೋಗಿ ಎಂದು ನಾನೇ ಕರೆಸಿದ್ದೆ. ನಿನಗೆ ಎಲ್ಲ ಸತ್ತುಹೋದವು ಎಂದು ಹೇಳಿ, ಆ ಜಾಗದಲ್ಲಿ ನನ್ನ ಹೊಲಿಗೆ ಮಷಿನ್ ಹಾಕಿಕೊಳ್ಳುವವಳಿದ್ದೆ. ಅವರು ಬಕೆಟ್ಟುಗಳನ್ನು ಇಳಿಸಿ, ಇನ್ನೂ ಉಳಿಸಬಹುದಮ್ಮ ಎಂದಾಗ ಅಲ್ಲೇ ಕೂತು ಅತ್ತುಬಿಟ್ಟೆ. ಮಷಿನ್ ಈಗ ಅಕ್ವೇರಿಯಂ ಪಕ್ಕದಲ್ಲಿದೆ. ನೀನು ಬಂದ ಮೇಲೂ ನಾನು ಅಲ್ಲೇ ಕೂರಬಹುದಾ?