ಕೆರೆ ದಾಟಿದ ಗುಲಾಬಿ ಹುಳ

ಲಿಟಲ್ ಎಲ್ಮ್
ಜೂನ್ 14, 2025, ಶನಿವಾರ

ಪ್ರೀತಿಯ ನಮ್ಮನೆಯವರಿಗೆ,

ಮನೆಯಲ್ಲಿ ಇಲ್ಲದವರನ್ನು ಮನೆಯವರು ಎಂದು ಕರೆಯುವುದು ತಮಾಷೆಯೇ. ಆದರೆ ಪ್ರಭಂಜನ ಎಂದು ಹೆಸರು ಹಿಡಿದು ಬರೆಯಲು ಇಷ್ಟು ವರ್ಷವಾದರೂ ಕೈ ಬರುವುದಿಲ್ಲ. ಹೇಗಿದ್ದೀರಿ? ಮೊಣಕಾಲು ನೋವು ಕಡಿಮೆಯಾಯಿತೇ? ಹ್ಯೂಸ್ಟನ್ನಿನ ಆ ಸಂಶೋಧನೆಯ ಹೊಲದಲ್ಲಿ ಬಗ್ಗಿ ಬಗ್ಗಿ ಹುಳ ಎಣಿಸುವಾಗ ಟೋಪಿ ಹಾಕಿಕೊಳ್ಳುತ್ತೀರಿ ತಾನೆ? ಮೊನ್ನೆ ವಿಡಿಯೋದಲ್ಲಿ ಮೂಗಿನ ತುದಿ ಸುಲಿದಿತ್ತು. ಮೂರು ಹೊತ್ತೂ ಮೊಸರನ್ನ ಕಲಸಿಕೊಂಡು ಅಡುಗೆ ಮಾಡಿದೆ ಎಂದು ಮಾತ್ರ ಹೇಳಬೇಡಿ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿಧಿಗೆ ರಜೆ, ಹನ್ನೊಂದು ಗಂಟೆಗೆ ಏಳುತ್ತಾಳೆ, ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅವಳ ಸ್ಕೂಲು ಮುಗಿಯಲು ಇನ್ನೂ ಎರಡು ವರ್ಷ. ಅಲ್ಲಿಯವರೆಗೆ ನಾವು ಇಲ್ಲಿ, ನೀವು ಅಲ್ಲಿ ಎಂದು ನಾವೇ ಕೂತು ತೀರ್ಮಾನಿಸಿದ್ದು, ಹಾಗಾಗಿ ಸಿಟ್ಟು ಮಾಡಿಕೊಳ್ಳಲು ಯಾರೂ ಸಿಗುವುದಿಲ್ಲ.

ನೀವು ಒಪ್ಪಿಸಿ ಹೋದ ಕೆಲಸವನ್ನು ಒಂದು ವಾರವೂ ತಪ್ಪಿಸಿಲ್ಲ. ಪ್ರತಿ ಶನಿವಾರ ಬೆಳಗ್ಗೆ ಹಿತ್ತಲ ಬೇಲಿಯಾಚೆಯ ಹುಲ್ಲಿನಲ್ಲಿ ಬಲೆ ಬೀಸುತ್ತೇನೆ. ಹಳದಿ ಮೈ, ಕರಿ ಚುಕ್ಕೆಯ ಆ ಸೌತೆ ಹುಳಗಳು ಸಿಕ್ಕಷ್ಟನ್ನು ಡಬ್ಬಿಗೆ ಹಾಕಿ, ಗುರುತಿಗೆ ಮೇಲೆ ಗುಲಾಬಿ ಪುಡಿ ಉದುರಿಸಿ, ಮೆಲ್ಲಗೆ ಅಲ್ಲಾಡಿಸಿ ಬಿಟ್ಟುಬಿಡುತ್ತೇನೆ. ಹೀರೆ ಬಳ್ಳಿಯ ಮೇಲೆ ಸಿಕ್ಕವಕ್ಕೆ ನೀಲಿ. ಮರುದಿನ ಯಾವ ಬಣ್ಣದ್ದು ಎಲ್ಲಿ ಕೂತಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಹೋದ ವಾರ ಹುಲ್ಲಿನಿಂದ ಬಳ್ಳಿಗೆ ಬಂದವು ಹನ್ನೆರಡು, ಬಳ್ಳಿಯಿಂದ ಹುಲ್ಲಿಗೆ ವಾಪಸು ಹೋದವು ಎರಡೇ. ನೀವು ಹೇಳಿದ್ದು ನಿಜ, ಬಳ್ಳಿ ಹಸಿರಾಗಿರುವವರೆಗೆ ಅವು ಕದಲುವುದಿಲ್ಲ, ಒಣಗತೊಡಗಿದರೆ ಬೇರೆ ಕಡೆ ಹಾರುತ್ತವೆ. ಒಂದು ತಪ್ಪು ಮಾತ್ರ ಒಪ್ಪಿಕೊಳ್ಳಬೇಕು. ನಿಮ್ಮ ಗುಲಾಬಿ ಪುಡಿ ಮೇ ತಿಂಗಳಲ್ಲೇ ಮುಗಿಯಿತು. ಆಗಿನಿಂದ ಮೈಸೂರಿನಿಂದ ಅಕ್ಕ ಕಳಿಸಿದ ರಂಗೋಲಿ ಬಣ್ಣ ಹಾಕುತ್ತಿದ್ದೇನೆ. ಈ ಬೀದಿಯಲ್ಲಿ ರಂಗೋಲಿ ನೋಡುವವರು ಯಾರಿದ್ದಾರೆ, ಹುಳಗಳಾದರೂ ಹೊತ್ತು ತಿರುಗಲಿ ಎಂದುಕೊಂಡೆ. ಬೈಯುವುದಿದ್ದರೆ ಬೈಯಿರಿ.

ಎಣಿಸುವಾಗ ಜೋರಾಗಿ ಎಣಿಸುತ್ತೇನೆ, ನೀವು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದಿರಲ್ಲ, ಅದೇ ಅಭ್ಯಾಸ. ಪಕ್ಕದ ಮನೆಯವರು ನಾನು ಫೋನಿನಲ್ಲಿದ್ದೇನೆ ಎಂದುಕೊಂಡು ಕೈ ಬೀಸಿ ಹೋಗುತ್ತಾರೆ. ಬೇಸರವಾಗುತ್ತದೆ ರೀ. ಸುತ್ತಿ ಬಳಸಿ ಯಾಕೆ ಬರೆಯಲಿ, ತುಂಬಾ ಬೇಸರವಾಗುತ್ತದೆ. ಯುಗಾದಿಗೆ ಬಂದವರು ಆಮೇಲೆ ಬಂದಿಲ್ಲ. ನಾಲ್ಕೂವರೆ ಗಂಟೆ ಡ್ರೈವ್ ಮಾಡಬೇಕು, ಮೊಣಕಾಲು ಬೇರೆ, ವಾರಾಂತ್ಯದಲ್ಲೂ ಹೊಲದ ಕೆಲಸ, ಎಲ್ಲ ಗೊತ್ತು. ಆದರೆ ಫೋನಿನಲ್ಲೂ 'ಊಟ ಆಯ್ತಾ, ನಿಧಿ ಮಲಗಿದ್ಲಾ, ಸರಿ ಇಡ್ಲಾ' ಅನ್ನುವಷ್ಟರಲ್ಲಿ ನಾಲ್ಕು ನಿಮಿಷಕ್ಕೆ ಮುಗಿದುಹೋಗುತ್ತಿತ್ತು.

ಹಾಗಿರುವಾಗ ಈ ಸೋಮವಾರ ಬಂತು. ಹಿಂದಿನ ದಿನ ಕೆರೆಯಾಚೆಯ ಲೂಯಿಸ್‌ವಿಲ್‌ಗೆ ಹೋಗಿ, ವಿಜಯಪುರದ ನಮ್ಮ ಕಾಶವ್ವ ಆಂಟಿಗೆ ಒಂದು ಚೀಲ ಹೀರೇಕಾಯಿ ಕೊಟ್ಟು ಬಂದಿದ್ದೆ. ಸೋಮವಾರ ಬೆಳಗ್ಗೆ ಅವರ ಫೋನು. 'ಇದೇನವಾ, ನನ್ನ ಸೌತಿ ಹೂವಿನ್ಯಾಗ ಒಂದು ಹುಳ ಕುಂತೈತಿ, ಯಾರೋ ಅದಕ್ಕ ಕುಂಕುಮ ಹಚ್ಯಾರ' ಎಂದರು. ಬಾಲ್ಕನಿಯ ಕುಂಡದ ಫೋಟೋ ಕಳಿಸಿದರು. ನಾನು ಹಿಂದೆಮುಂದೆ ಯೋಚಿಸದೆ ನಿಮಗೆ ಕಳಿಸಿಬಿಟ್ಟೆ. ಒಂದು ನಿಮಿಷವೂ ಆಗಿರಲಿಲ್ಲ, ನಿಮ್ಮ ಫೋನು, ಅದೂ ಕೆಲಸದ ಹೊತ್ತಿನಲ್ಲಿ. 'ನಾಗೂ, ಹದಿನೈದು ಮೈಲಿ ಕಣೇ, ಕೆರೆ ದಾಟ್ಬಿಟ್ಟಿದೆ' ಎಂದಿರಿ. ಮದುವೆಯಾದ ಹೊಸತರಲ್ಲಿ ಕೇಳಿದ್ದ ದನಿ ಅದು. ನಲವತ್ತು ನಿಮಿಷ ಮಾತಾಡಿದಿರಿ. ಗಾಳಿ ಯಾವ ಕಡೆಯಿಂದಿತ್ತು, ಹುಳ ಹೆಣ್ಣೋ ಗಂಡೋ, ಸೌತೆ ಹೂವಿನ ವಾಸನೆ ಎಷ್ಟು ದೂರಕ್ಕೆ ಬಡಿಯುತ್ತದೆ, ಎಲ್ಲ ಹೇಳಿದಿರಿ. ನಾನು ಒಲೆ ಆರಿಸಿ ಕೂತು ಕೇಳಿದೆ.

ಅಂದಿನಿಂದ ದಿನಾ ಫೋನು. ಬರುವ ಶುಕ್ರವಾರ ಇದನ್ನು ನಿಮ್ಮ ಕೆಲಸದ ಹಿರಿಯ ವಿಜ್ಞಾನಿಗಳ ಮುಂದೆ ತೋರಿಸುತ್ತೀರಿ, ಶನಿವಾರ ನೀವೇ ಬಂದು ಆ ಬಾಲ್ಕನಿ ನೋಡುತ್ತೀರಿ ಎಂದು ನಿಧಿಗೆ ಹೇಳಿದೆ. ಅವಳು ಫೋನಿನಿಂದ ತಲೆ ಎತ್ತದೆ 'ಸೋ ಅಪ್ಪ ಈಸ್ ಕಮಿಂಗ್ ಫಾರ್ ದ ಬೀಟಲ್' ಎಂದಳು. ಆಮೇಲೆ ಅವಳೇ ನಿಮ್ಮ ತಲೆದಿಂಬಿಗೆ ಹೊಸ ಕವರ್ ಹಾಕಿಟ್ಟಳು. ಹುಳವನ್ನು ಆಂಟಿಯಿಂದ ತಂದು, ನೀವು ಹೇಳಿದಂತೆ ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲಿ ಬಟಾಣಿಯ ಪಕ್ಕ ಇಟ್ಟಿದ್ದೇನೆ.

ಕಾಶವ್ವ ಆಂಟಿ ನಿಮ್ಮನ್ನು ಕೇಳಿದರು, ಬಂದಾಗ ಊಟಕ್ಕೇ ಬರಬೇಕಂತೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಬಿಸಿಲಲ್ಲಿ ನೀರು ಕುಡಿಯುವುದು ಮರೆಯಬೇಡಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ
ನಾಗಮಣಿ

ತಾ.ಕ.: ಅಂಚೆಯವರು ಬರುವ ಹೊತ್ತಾಯಿತು. ಇದನ್ನು ಬರೆಯದೆ ಲಕೋಟೆ ಅಂಟಿಸಲು ಆಗುತ್ತಿಲ್ಲ, ಫೋನಿನಲ್ಲಿ ಹೇಳಲು ಹೋಗಿ ಎರಡು ಸಲ ಮಾತನ್ನು ನಿಧಿಯ ಕಡೆ ತಿರುಗಿಸಿಬಿಟ್ಟೆ. ಆ ಹುಳ ಕೆರೆ ದಾಟಿ ಹಾರಿಲ್ಲ. ಸೋಮವಾರ ನಿಮ್ಮ ಜೊತೆ ಮಾತು ಮುಗಿದ ಮೇಲೆ, ಹೀರೇಕಾಯಿ ಒಯ್ದಿದ್ದ ಬಟ್ಟೆ ಚೀಲವನ್ನು ಒಗೆಯಲು ಕೊಡವಿದೆ. ತಳದಲ್ಲಿ ಗುಲಾಬಿ ರಂಗೋಲಿ ಪುಡಿ ಇತ್ತು. ಹುಳ ಆ ಚೀಲದಲ್ಲಿ ಕೂತು ನನ್ನ ಕಾರಿನಲ್ಲೇ ಸೇತುವೆ ದಾಟಿ ಹೋಗಿದೆ. ನಿಮ್ಮ ಆ ದನಿ ನಿಂತುಹೋಗುತ್ತದೆ ಎಂಬ ಭಯಕ್ಕೆ ಐದು ದಿನ ಬಚ್ಚಿಟ್ಟೆ. ಶುಕ್ರವಾರ ಅದನ್ನು ಯಾರಿಗೂ ತೋರಿಸಬೇಡಿ, ನಿಮ್ಮ ಹೆಸರು ಕೆಡುತ್ತದೆ. ಇನ್ನು ಶನಿವಾರ ಬಂದು ನೋಡುವಂಥದ್ದು ಇಲ್ಲಿ ಏನೂ ಇಲ್ಲ. ಆದರೂ ಬನ್ನಿ. ಸುಮ್ಮನೆ ಬನ್ನಿ.