ಕಂಪನಿಗೆ ಎರಡನೇ ಹೆಸರು

ಬೂದಿಕೋಟೆ
12 ಆಗಸ್ಟ್ 2025, ಮಂಗಳವಾರ

ಅಮ್ಮಣ್ಣಿ ನವ್ಯಾ,

ನಿನ್ನ ಸೋದರಮಾವ ಮಾಡುವ ಆಶೀರ್ವಾದ. ಫೋನಿರುವಾಗ ಕಾಗದ ಯಾಕೆ ಅಂತ ನಗಬೇಡ. ಇರೋದು ಒಂದೇ ಕೋಣೆ, ಏನು ಮಾತಾಡಿದರೂ ಮಲಗಿರೋ ಮುನೇಶನ ಕಿವಿಗೆ ಬೀಳುತ್ತದೆ.

ಕಂಪನಿ ಮಾಡಬೇಕಾ ಬೇಡವಾ ಅಂತ ಕೇಳೋಕೆ ಸರಿಯಾದ ಆಳನ್ನೇ ಹಿಡಿದಿದ್ದೀಯ. ಓದಿದ್ದು ಏಳನೇ ಕ್ಲಾಸಾದರೂ ಹಾಲಿನ ಡೈರಿ ಸೆಕ್ರೆಟರಿಯಾಗಿ ಕೋಲಾರದ ಸಾಹೇಬರಿಗೆಲ್ಲ ನೀರು ಕುಡಿಸಿದವನು ನಾನು. ನಿಮ್ಮ ಬಂಗಾರಪೇಟೆ ಆಡಿಟರ್ ಶ್ರೀನಿವಾಸಪ್ಪ ಹೇಳಿದ್ದು ಒಂದೇ ಸಲಕ್ಕೆ ಅರ್ಥವಾಯಿತು. ಈಗಿನ ಹಾಗೆ ಸ್ವಂತ ಹೆಸರಲ್ಲಿ ಸಿಸಿಟಿವಿ ಹಾಕುತ್ತಿದ್ದರೆ, ಅನಾಹುತವಾದಾಗ ಕೇಸು ನಿನ್ನ ಆಂಡರ್ಸನ್‌ಪೇಟೆ ಮನೆವರೆಗೂ ಬರುತ್ತದೆ; ಕಂಪನಿ ಮಾಡಿದರೆ ಕಂಪನಿ ಹತ್ತಿರವೇ ನಿಲ್ಲುತ್ತದೆ. ಅದಕ್ಕೆ ಇಬ್ಬರ ಹೆಸರು ಬೇಕು, ಎರಡನೆಯದು ನನ್ನದಿರಲಿ ಅಂದಿದ್ದೀಯ. ಡೈರೆಕ್ಟರ್ ಕೋದಂಡಪ್ಪ. ಕೇಳಿದರೆ ನಿಮ್ಮತ್ತೆ ಅಕ್ಕಯ್ಯಮ್ಮ, ಮೊದಲು ಕೊಟ್ಟಿಗೆ ಸೆಗಣಿ ಬಾಚಲಿ ನಿಮ್ಮ ಡೈರೆಕ್ಟರು ಅಂತಾಳೆ.

ಒಂದು ಮಾತು ಹೇಳಲಾ? ಬೇತಮಂಗಲದ ಆ ಗೋಡೌನಿನ ಮೇಲೆ ನಿನ್ನ ಕ್ಯಾಮೆರಾ ಹಾಕೋಕೆ ಹತ್ತಿದ ನನ್ನ ಮಗ ಮುನೇಶ, ಅಡಿಯಲ್ಲಿ ಕಂಬಿ ಇರೋ ಬೋಲ್ಟಿನ ಸಾಲು ಬಿಟ್ಟು ಸಿಮೆಂಟ್ ಶೀಟಿನ ನಡುವೆ ಕಾಲಿಟ್ಟು, ಶೀಟು ಒಡೆದು ಬಿದ್ದ ದಿನ, ಆಸ್ಪತ್ರೆ ಬಾಗಿಲಲ್ಲಿ ನೀನು ನಿಂತಿದ್ದೆ. ದುಪಟ್ಟಾ ತುಂಬ ಅವನ ರಕ್ತ. ಸೇಫ್ಟಿ ಬೆಲ್ಟು ಕಟ್ಟದೆ ಯಾಕೆ ಹತ್ತಿಸಿದೆ ಅಂತ ನಿಮ್ಮತ್ತೆ ನಿನ್ನ ರಟ್ಟೆ ಹಿಡಿದು ಅಲ್ಲಾಡಿಸಿ ಬಾಯಿಗೆ ಬಂದಂಗೆ ಬೈದಳು. ನೀನು ಅಲ್ಲಿಂದ ಕದಲಲಿಲ್ಲ. ಆವತ್ತು ಕಂಪನಿ ಇದ್ದಿದ್ದರೆ ಅವಳು ಯಾರ ರಟ್ಟೆ ಹಿಡಿಯಬೇಕಿತ್ತು, ಬೋರ್ಡಿನದಾ?

ಆದರೂ ಮಾಡಮ್ಮ. ನಿಮ್ಮಪ್ಪ ಬಿಟ್ಟುಹೋಗಿರೋದು ಅದೊಂದೇ ಮನೆ. ಎರಡನೇ ಹೆಸರು ಮಾತ್ರ ನನ್ನದು ಬೇಡ, ಮುನೇಶನದು ಹಾಕು. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ ಅಷ್ಟೇ, ಸಹಿ ಹಾಕೋ ಕೈ ಚೆನ್ನಾಗಿದೆ. ಮಲಗಿದ ಕಡೆಯಿಂದಲೇ ಫೋನು ನೋಡಿಕೊಳ್ಳುತ್ತಾನೆ. ಬೆಲ್ಟಿಲ್ಲದೆ ಯಾರನ್ನೂ ಮೇಲೆ ಹತ್ತಿಸೋಕೆ ಬಿಡಲ್ಲ. ನಿನ್ನೆ ಅವನೇ ಹೇಳಿದ, ನವ್ಯಾಳ ಕಂಪನಿಗೆ ನಾನೇ ಇರ್ತೀನಪ್ಪ ಅಂತ.

ಇಂತಿ,
ನಿನ್ನ ಮಾವ
ಕೋದಂಡಪ್ಪ

ತಾ.ಕ.: ಅವನು ಹೇಳಿದ ಅಂತ ಬರೆದದ್ದು ಸುಳ್ಳು. ಆಸ್ಪತ್ರೆಯಿಂದ ಬಂದ ಮೇಲೆ ಅವನು ಯಾರ ಜತೆಗೂ ಒಂದು ಮಾತೂ ಆಡಿಲ್ಲ. ತುತ್ತು ಬಾಯಿಗಿಟ್ಟರೆ ಮುಖ ಗೋಡೆ ಕಡೆ ತಿರುಗಿಸುತ್ತಾನೆ. ನೀನೇ ಬಂದು ಕೇಳು. ನಿನ್ನನ್ನ ಬೈಯೋಕಾದರೂ ಬಾಯಿ ಬಿಡಲಿ.