ಮದುವೆಯ ಅಕ್ಷರ

ಇಸವಿ ೨೩೧೪, ಮೂರನೆಯ ಆಷಾಢದ ಮೂವತ್ತೈದನೆಯ ದಿನ
ತೇಲುಕೇರಿ, ಗಂಗೊಳ್ಳಿ ಇದ್ದ ಜಾಗದ ಮೇಲೆ

ಮಾನ್ಯ ವಾರಿಜಾಕ್ಷಿಯಮ್ಮನವರಿಗೆ ವಂದನೆಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆ ನಿಲ್ಲದ್ದರಿಂದ ನಾವು ವರ್ಷಕ್ಕೆ ಮೂರು ಆಷಾಢ ಎಣಿಸುತ್ತೇವೆ. ಆಷಾಢದಲ್ಲಿ ಮದುವೆ ಕೂಡದೆಂಬ ಶಾಸ್ತ್ರವನ್ನೂ ಬಿಟ್ಟಿದ್ದೇವೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಚಂದ್ರಮತಿ, ಡ್ರಮ್ಮುಗಳ ಮೇಲೆ ತೇಲುವ ಈ ಕೇರಿಯ ಓದುಗಿತ್ತಿ. ಉಳಿದವರಿಗೆ ಅಕ್ಷರ ಬಾರದು, ಯಂತ್ರಗಳೇ ಕಿವಿಯಲ್ಲಿ ಹೇಳುತ್ತವೆ. ಕಾಗದದಲ್ಲಿ ಬಂದದ್ದನ್ನು ಮಾತ್ರ ನಾನು ಓದಿ ಹೇಳಬೇಕು.

ಮುನ್ನೂರು ವರ್ಷದ ಹಿಂದೆ ನೀವು ನಿಮ್ಮ ‘ಹಳೆಗರಿ’ ಅಕ್ಷರಗಳನ್ನು ಬಿದಿರಿನ ಲೇಖನಿ ಓರೆ ಹಿಡಿದು ಬರೆದು, ಆಮೇಲೆ ಕಂಪ್ಯೂಟರಿಗೆ ಇಳಿಸಿದಿರಂತೆ. ತಲೆಕಟ್ಟು ತೆಳ್ಳಗೆ, ಹೊಟ್ಟೆ ದುಂಡಗೆ. ಒತ್ತಕ್ಷರ ಬಳ್ಳಿಯ ಹಾಗೆ ಕೆಳಗಿಳಿಯುತ್ತದೆ. ಹಳೆಯ ಅಚ್ಚಿನಂತೆ ಕಾಣಲೆಂದು ಅಂಚುಗಳನ್ನು ಬೇಕೆಂದೇ ಸವೆಸಿದ್ದೀರಿ. ಅಗರಬತ್ತಿ ಡಬ್ಬಿಗೆ, ಮಿಠಾಯಿ ಅಂಗಡಿಯ ಬೋರ್ಡಿಗೆ, ಪುಸ್ತಕದ ಮುಖಪುಟಕ್ಕೆ, ಲಗ್ನಪತ್ರಿಕೆಗೆ ಒದಗಲಿ ಎಂದು ಹಾರೈಸಿದ್ದೀರಿ. ಮಿಕ್ಕವೆಲ್ಲ ಮುಳುಗಿದವು, ಲಗ್ನಪತ್ರಿಕೆಯೊಂದು ಉಳಿಯಿತು. ಓದಲು ಬಾರದವರೂ ಆ ಬಳುಕು ಕಂಡರೆ ಸಾಕು, ಕಾಗದದ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದಿಡುತ್ತಾರೆ.

ಇದು ಎತ್ತಂಗಡಿ ಕಚೇರಿಯವರಿಗೆ ಗೊತ್ತಾಯಿತು. ಕೇರಿಗಳನ್ನು ಬಿಚ್ಚಿ ಜನರನ್ನು ಬೇರೆಡೆ ಸಾಗಿಸುವವರು ಅವರು. ಮೊದಲೆಲ್ಲ ದಪ್ಪಕ್ಷರದ ನೋಟಿಸು ಬರುತ್ತಿತ್ತು, ಜನ ಹರಿದು ಸಮುದ್ರಕ್ಕೆ ಎಸೆಯುತ್ತಿದ್ದರು. ಈಗ ನಿಮ್ಮ ಅಕ್ಷರದಲ್ಲಿ ಬರುತ್ತದೆ. ಮದುವೆ ಕಾಗದ ಹರಿಯಲು ಯಾರಿಗೆ ಕೈ ಬಂದೀತು? ನನಗೆ ಮೈಯೆಲ್ಲ ಉರಿಯುತ್ತದೆ. ಉರಿದು ಮಾಡುವುದೇನು.

ನಿನ್ನೆ ನಮ್ಮ ಮನೆಗೂ ಬಂತು. ನಾನು ಒಳಗೆ ಬರುವಷ್ಟರಲ್ಲಿ ಅಮ್ಮಮ್ಮ ಅರಿಶಿನ ಹಚ್ಚಿಯಾಗಿತ್ತು. ನನ್ನನ್ನು ಸಾಕಿದವಳು ಅವಳು. ಅವಳಿಗೆ ನಾನು, ನನಗೆ ಅವಳು, ಇನ್ಯಾರೂ ಇಲ್ಲ. ದುಡಿಯುವವರು ಬಡಗಣ ಊರಿನ ದೋಣಿಗೆ, ಮುದುಕರು ತೆಂಕಣ ಊರಿನ ದೋಣಿಗೆ ಎಂದು ಆ ನೋಟಿಸಿನಲ್ಲಿತ್ತು. “ಯಾರ್ ಮದಿ ಹೆಣೆ?” ಎಂದು ಮದುವೆಮನೆಯವರ ಹೆಸರು ಕೇಳಿದಳು. ನನ್ನ ಬಾಯಿಗೆ ಬಂದದ್ದು ಕೊನೆಯ ಸಾಲೊಂದೇ: ಮನೆಮಂದಿಯೆಲ್ಲ ನಾಳೆ ಬೆಳಿಗ್ಗೆ ದೋಣಿ ನಿಲ್ಲುವ ಧಕ್ಕೆಗೆ ಬರತಕ್ಕದ್ದು. “ಎಲ್ಲರೂ ಬರ್ಕಂಬ್ರ್, ಅಮ್ಮಮ್ಮ” ಎಂದೆ. “ಕರ್ದಲ್ಲಿಗೆ ಹೋಯ್ಕ್ ಮಗಾ” ಎಂದು ಸೀರೆಯ ಪೆಟ್ಟಿಗೆ ತೆಗೆದಳು. ಆಮೇಲೂ ಹೇಳಬಹುದಿತ್ತು. ಹೇಳದೆ ಈ ಪತ್ರ ಬರೆಯಲು ಕುಳಿತೆ.

ವಾರಿಜಾಕ್ಷಿಯಮ್ಮ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಲೇಖನಿಯನ್ನು ಇನ್ನೂ ಮಸಿಗೆ ಅದ್ದಿಲ್ಲವಾದರೆ ಒಂದು ಬೇಡಿಕೆ: ಆ ಅಕ್ಷರಗಳನ್ನು ಇಷ್ಟು ಚೆಂದ ಮಾಡಬೇಡಿ. ಈ ಮಾತು ನಿಮ್ಮನ್ನು ಮುಟ್ಟುವುದಿಲ್ಲವೆಂದು ಬಲ್ಲೆ. ಮುಟ್ಟಿದ್ದರೆ ಆ ಕಾಗದ ನಮ್ಮ ದೇವರ ಮುಂದೆ ಇರುತ್ತಿರಲಿಲ್ಲ.

ಬೆಳಗಾಯಿತು. ಅಮ್ಮಮ್ಮ ರೇಷ್ಮೆಯ ಪಟ್ಟೆ ಸೀರೆ ಉಟ್ಟು, ಇದ್ದೊಂದು ಹೂವನ್ನು ನನಗೆ ಮುಡಿಸಿ, ಮುಹೂರ್ತ ತಪ್ಪುತ್ತದೆಂದು ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾಳೆ.